ಗುಲಾಬಿಗೆ ಪಟ್ಟ, ಮೆಣಸಿನ ಗಿಡಕ್ಕೊಂದು ಗುಂಟೆ

ಕೊಲ್ಹಾಪುರದ ಕಡೆಯ ಹೂವಿನ ಪ್ರದರ್ಶನಗಳಲ್ಲಿ ಗುಲಾಬಿಗೆ ಪಟ್ಟ ಕಟ್ಟುತ್ತಾರೆ. ಗೆದ್ದ ಹೂವು ಗುಲಾಬಿ ರಾಜ, ಅದರ ಪಕ್ಕ ರಾಣಿ, ಆಮೇಲೆ ರಾಜಕುಮಾರ, ರಾಜಕುಮಾರಿ. ಬೆಳಗ್ಗೆ ತೀರ್ಪುಗಾರರು ಬಂದುಹೋದ ಮೇಲೆ ಚೀಟಿ ಅಂಟಿಸಿದ ಆ ನಾಲ್ಕು ಹೂವುಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಮಕ್ಕಳನ್ನು ಎತ್ತಿ ತೋರಿಸುವವರು, ಮೊಬೈಲಿನಲ್ಲಿ ಹಿಡಿಯುವವರು, ಕಣ್ಣು ಮುಚ್ಚಿ ಮೂಸಿ ನೋಡುವವರು. ದಶಕಗಳಿಂದ ನಡೆದುಬಂದ ಗಾರ್ಡನ್ಸ್ ಕ್ಲಬ್ಬಿನ ಪ್ರದರ್ಶನಕ್ಕೆ ಚಳಿಗಾಲದಲ್ಲಿ ಮಹಾವೀರ ಉದ್ಯಾನಕ್ಕೆ ಕಾಲಿಟ್ಟರೆ ಹೂವಿಗಿಂತ ಮೊದಲು ಕಣ್ಣಿಗೆ ಬೀಳುವುದು ಈ ಜನರ ಮುಖ. ವ್ಯಾಪಾರಕ್ಕೆ ಬಂದವರ ಮುಖವಲ್ಲ ಅದು. ಮನೆಯಲ್ಲಿ ಒಂದೆರಡು ಕುಂಡ ಇಟ್ಟುಕೊಂಡು, ತಮ್ಮ ಗಿಡಕ್ಕೂ ಇಂಥದ್ದೊಂದು ಹೂವು ಬಿಡಬಾರದೇ ಎಂದು ಕೇಳಿಕೊಳ್ಳುತ್ತಿರುವವರ ಮುಖ.

ಪಟ್ಟಕ್ಕೆ ನಿಂತ ಹೂವಿನ ಹಿಂದೆ ಗಟ್ಟಿ ಲೆಕ್ಕವಿದೆ. ನಮ್ಮ ದಖನ್ ಹವೆಯಲ್ಲಿ ಗುಲಾಬಿ ಗಿಡ ಸವರಿದ ಮೇಲೆ ಒಳ್ಳೆಯ ಹೂವು ಬರಲು ಸುಮಾರು 45ರಿಂದ 50 ದಿನ ಬೇಕು. ಪ್ರದರ್ಶನದ ದಿನ ತಿಳಿದ ಕೂಡಲೇ ಬೆಳೆಗಾರ ಹಿಂದಕ್ಕೆ ಎಣಿಸುತ್ತಾನೆ. ಮಳೆ ನಿಂತ ಮೇಲೆ ಗಿಡ ಕತ್ತರಿಸುತ್ತಾನೆ, ಗೊಬ್ಬರ ಕೊಡುತ್ತಾನೆ, ಚಿಗುರು ಬಂದಾಗ ಪಕ್ಕದ ಮೊಗ್ಗುಗಳನ್ನು ಚಿವುಟಿ ಒಂದು ಟೊಂಗೆಗೆ ಒಂದೇ ಮೊಗ್ಗು ಉಳಿಸುತ್ತಾನೆ. ಹೂವು ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಅರಳಿರಬೇಕು. ನಡುವಿನ ಎಸಳು ಮೊನಚಾಗಿ ಎದ್ದು ನಿಂತಿರಬೇಕು. ದಂಟು ನೆಟ್ಟಗಿರಬೇಕು, ಎಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಬಾರದು. ಎರಡು ದಿನ ಮೋಡ ಕವಿದರೆ ಇಷ್ಟೂ ಲೆಕ್ಕ ತಪ್ಪುತ್ತದೆ, ಅಷ್ಟು ದಿನದ ಕೆಲಸ ಪ್ರದರ್ಶನ ಮುಗಿದ ಮರುದಿನ ಅರಳುತ್ತದೆ. ಹೀಗೆ ಕಾದವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಪಟ್ಟ ಅವರಿಗೆ ಸಲ್ಲಬೇಕಾದದ್ದೇ.

ಆದರೆ ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ಕೊನೆಯ ಸಾಲಿನಲ್ಲಿ, ತರಕಾರಿ ಕುಂಡಗಳ ಹತ್ತಿರ. ಅಲ್ಲಿ ಜನ ಕಡಿಮೆ. ಒಂದು ಮೆಣಸಿನ ಗಿಡದ ಮುಂದೆ ಇಳಕಲ್ ಸೀರೆ ಉಟ್ಟ ಹಿರಿಯ ಹೆಣ್ಣುಮಗಳೊಬ್ಬಳು ಕುಕ್ಕರಗಾಲಲ್ಲಿ ಕುಳಿತಿದ್ದಳು. ಗಿಡದ ತುಂಬ ಕಾಯಿ ಇತ್ತು, ಆಕೆ ಕಾಯಿಯ ಕಡೆ ನೋಡಲಿಲ್ಲ. ತುದಿಯ ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿ, ಅದರ ಬೆನ್ನನ್ನು ಬೆಳಕಿಗೆ ಒಡ್ಡಿ ನೋಡಿದಳು. ಆಮೇಲೆ ಇನ್ನೊಂದು ಎಲೆ, ಮತ್ತೊಂದು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ.

“ತಮ್ಮಾ, ಇದ್ಕ ನುಸಿ ಬಿದ್ದೈತಿ. ಇವ್ರಿಗೆ ಹೇಳೋರು ಯಾರಿಲ್ಲೇನು?”

“ಕಾಯಿ ಚಲೋ ಹಿಡಿದಾವಲ್ಲ ಅವ್ವಾ?”

“ಈಗ ಹಿಡಿದಾವು. ಎಲಿ ಮ್ಯಾಲಕ್ಕ ಮಡಚ್ಕೊಂಡೈತಿ ನೋಡು. ಹದಿನೈದು ದಿನಕ್ಕ ಗಿಡ ಮುದುರ್ತೈತಿ. ಹುಳಿ ಮಜ್ಜಿಗಿ ಹೊಡೀಬೇಕು.”

ಎಲೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ಎಂದು ಕೃಷಿ ವಿಶ್ವವಿದ್ಯಾಲಯದ ಕೈಪಿಡಿಗಳಲ್ಲೂ ಬರೆದಿರುತ್ತದೆ. ಆಕೆ ಕೈಪಿಡಿ ಓದಿದವಳಲ್ಲ. ಇದೇ ಜಿಲ್ಲೆಯ ಗಡಹಿಂಗ್ಲಜದ ಮೂಡಣ ಹಳ್ಳಿಯವಳು. ಕೊಲ್ಹಾಪುರದಲ್ಲಿ ನೌಕರಿ ಮಾಡುವ ಮಗನ ಮನೆಗೆ ಬಂದಿದ್ದಳು, ಸೊಸೆ ಕರೆತಂದಿದ್ದಳು. ಸೊಸೆ ಗುಲಾಬಿಯ ಹತ್ತಿರವೇ ನಿಂತಿದ್ದಳು. ಅತ್ತೆ ತರಕಾರಿ ಸಾಲಿನ ಒಂದೊಂದು ಕುಂಡವನ್ನೂ ಬಿಡದೆ ತಪಾಸಣೆ ಮಾಡಿದಳು. ಮಣ್ಣಿಗೆ ಬೆರಳು ಚುಚ್ಚಿ ತೇವ ನೋಡಿದಳು, ಟೊಮೇಟೊ ಗಿಡದ ಕಂಕುಳಲ್ಲಿ ಒಡೆದ ಕುಡಿಯನ್ನು ಕೇಳದೆಯೇ ಚಿವುಟಿ ಹಾಕಿದಳು. ತೀರ್ಪುಗಾರರ ಸಾಲಿನಲ್ಲಿ ಇಂಥವಳೊಬ್ಬಳು ಇರಬೇಕಿತ್ತು ಎಂದು ಆಗ ಅನ್ನಿಸಿದ್ದು ಇವತ್ತಿಗೂ ಹಾಗೆಯೇ ಅನ್ನಿಸುತ್ತದೆ.

ಈ ಜಿಲ್ಲೆಗೆ ಗಿಡದ ಹುಚ್ಚು ನಿನ್ನೆ ಮೊನ್ನೆಯದಲ್ಲ. ಶಾಹೂ ಮಹಾರಾಜರು ರಾಧಾನಗರಿಯಲ್ಲಿ ಭೋಗಾವತಿಗೆ ಅಣೆಕಟ್ಟು ಕಟ್ಟಿಸಲು ಹೊರಟವರು, ಬೆಲ್ಲಕ್ಕೆ ಶಾಹೂಪುರಿಯ ಪೇಟೆ ನಿಲ್ಲಿಸಿದವರು, ಪನ್ಹಾಳದ ಕಡೆ ಚಹಾ ಬೆಳೆಸಿ ನೋಡಿದವರು. ಇಂದು ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋದರೆ ಇನ್ನೊಂದು ಬಗೆಯ ಪ್ರದರ್ಶನ ನೋಡಬಹುದು. ಅಲ್ಲಿ ಬಹುಮಾನವಿಲ್ಲ. ಪ್ರೊ. ಎಸ್. ಆರ್. ಯಾದವ್ ಮತ್ತು ಅವರ ವಿದ್ಯಾರ್ಥಿಗಳು ಸಹ್ಯಾದ್ರಿಯ ಬಂಡೆಬಯಲುಗಳಲ್ಲಿ ಅಲೆದು, ಅಳಿವಿನಂಚಿನ ಸಿರೊಪೀಜಿಯಾ ಬಳ್ಳಿಗಳನ್ನು ಹುಡುಕಿ ಬೆಳೆಸಿದ ತಾಣ ಅದು. ಮರಾಠಿಯಲ್ಲಿ ಅದಕ್ಕೆ ಕಂದೀಲಪುಷ್ಪ ಎನ್ನುತ್ತಾರೆ. ಹೂವು ಒಂದು ಕಿರುನಳಿಗೆ. ಒಳಗೆ ಇಳಿದ ಸಣ್ಣ ನೊಣ ಕೆಳಮುಖದ ಕೂದಲುಗಳಿಂದಾಗಿ ಹೊರಗೆ ಬರಲಾರದೆ ಉಳಿಯುತ್ತದೆ. ಪರಾಗ ಮೈಗೆ ಹತ್ತಿ, ಕೂದಲು ಬಾಡಿದ ಮೇಲೆ ಬಿಡುಗಡೆ. ಬಳ್ಳಿಯ ಬುಡದಲ್ಲಿ ತಿನ್ನಬಹುದಾದ ಗೆಡ್ಡೆ ಇರುವುದೇ ಅದಕ್ಕೆ ಮುಳುವಾಯಿತು. ದನಗಾಹಿಗಳೂ ಕಾಡುಪ್ರಾಣಿಗಳೂ ಅಗೆದು ತಿಂದದ್ದರಿಂದ ಕೆಲವು ಜಾತಿಗಳು ಎಣಿಕೆಗೆ ಸಿಕ್ಕುವಷ್ಟು ಮಾತ್ರ ಉಳಿದಿದ್ದವು. ಹೂವಿನ ಪ್ರದರ್ಶನಕ್ಕೆ ಬಂದವರು ಒಂದು ತಾಸು ಉಳಿಸಿಕೊಂಡು ಅಲ್ಲಿಗೂ ಹೋಗಬೇಕೆಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಕೊಲ್ಹಾಪುರದಲ್ಲಿ ಕೃಷಿ ಪ್ರದರ್ಶನ ಎಂದರೆ ಬಹುಜನರ ಮನಸ್ಸಿಗೆ ಬರುವುದು ಮೇರಿ ವೆದರ್ ಮೈದಾನದ ಭೀಮಾ ಕೃಷಿ ಪ್ರದರ್ಶನ. ಟ್ರ್ಯಾಕ್ಟರು, ಹನಿ ನೀರಾವರಿಯ ಪೈಪು, ಎಮ್ಮೆ, ಹೋರಿ. ಕರ್ನಾಟಕದ ಕಡೆಯಿಂದ, ನಮ್ಮ ಮಂಗಸೂಳಿಯಿಂದ ಹೋದ ಗಜೇಂದ್ರನೆಂಬ ದೈತ್ಯ ಕೋಣ ಮಹಾರಾಷ್ಟ್ರದ ಇಂಥ ಮೇಳಗಳಲ್ಲಿ ಮನೆಮಾತಾಗಿದ್ದ. ಕನೇರಿಯ ಸಿದ್ಧಗಿರಿ ಮಠದಲ್ಲಿ ಒಂದೇ ಎಕರೆಯಲ್ಲಿ ನೂರಕ್ಕೂ ಹೆಚ್ಚು ಬೆಳೆ ಬೆಳೆದು ತೋರಿಸುವ ತಾಕು ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಭಕ್ತರು ದರ್ಶನ ಮುಗಿಸಿ ಅದರ ಬದುವಿನ ಮೇಲೆ ನಡೆದು ಬರುತ್ತಾರೆ. ಇವೆಲ್ಲ ಹೊಲ ಇದ್ದವರಿಗೆ. ಹೊಲ ಇಲ್ಲದವರಿಗೆ, ಮನೆಯ ಮುಂದೆ ಮೂರು ಮೊಳ ಜಾಗ ಇದ್ದವರಿಗೆ, ಅದೂ ಇಲ್ಲದವರಿಗೆ ಯಾರು ತೋರಿಸಿಕೊಟ್ಟರು ಎಂದು ಕೇಳಿದರೆ ಇದೇ ಊರಿನ ಒಬ್ಬ ಗಣಿತದ ಮೇಷ್ಟ್ರ ಹೆಸರು ಹೇಳಬೇಕು.

ಶ್ರೀಪಾದ ಅಚ್ಯುತ ದಾಭೋಳಕರ (1924–2001). ಕೊಲ್ಹಾಪುರ ಜಿಲ್ಲೆಯ ಗಾರಗೋಟಿಯಲ್ಲಿ ಜೆ. ಪಿ. ನಾಯಕ್ ಅವರು ಕಟ್ಟಿದ ಮೌನಿ ವಿದ್ಯಾಪೀಠದಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಒಕ್ಕಲುತನದ ಪದವಿ ಇಲ್ಲದ ಈ ಮನುಷ್ಯ 1960ರ ದಶಕದಲ್ಲಿ ರೈತರನ್ನೇ ಪ್ರಯೋಗಕಾರರನ್ನಾಗಿ ಮಾಡುವ ಬಳಗವೊಂದನ್ನು ಶುರುಮಾಡಿದರು; ಹೆಸರು ಪ್ರಯೋಗ ಪರಿವಾರ. ಅಲ್ಲಿ ಗುರುವಿಲ್ಲ, ಶಿಷ್ಯನಿಲ್ಲ. ಒಬ್ಬ ತನ್ನ ದ್ರಾಕ್ಷಿ ಬಳ್ಳಿಯಲ್ಲಿ ಏನು ಕಂಡನೋ ಅದನ್ನು ಬರೆದು ಮತ್ತೊಬ್ಬನಿಗೆ ಕಳಿಸಬೇಕು. ಆತ ತನ್ನ ಬಳ್ಳಿಯಲ್ಲಿ ಮಾಡಿ ನೋಡಿ ಉತ್ತರ ಬರೆಯಬೇಕು. ತಾಸಗಾಂವ ಸುತ್ತಲಿನ ಬರದ ಸೀಮೆಯಲ್ಲಿ ದ್ರಾಕ್ಷಿ ಬೆಳೆದುನಿಂತ ಕಥೆಯಲ್ಲಿ ಈ ಬಳಗದ ಪಾಲು ದೊಡ್ಡದು. ತಮ್ಮ ಅನುಭವವನ್ನೆಲ್ಲ ಅವರು 1998ರಲ್ಲಿ ‘ಪ್ಲೆಂಟಿ ಫಾರ್ ಆಲ್’ ಎಂಬ ಪುಸ್ತಕದಲ್ಲಿ ಬರೆದಿಟ್ಟರು.

ದಾಭೋಳಕರರ ಲೆಕ್ಕ ಸೂರ್ಯನಿಂದ ಶುರುವಾಗುತ್ತದೆ. ಬಿಸಿಲು ಎಲ್ಲರಿಗೂ ಸಮನಾಗಿ ಬೀಳುತ್ತದೆ. ಅದನ್ನು ಹಿಡಿಯುವುದು ಎಲೆ. ಎಷ್ಟು ಚದರ ಅಡಿ ಎಲೆಯನ್ನು ನೀವು ಬಿಸಿಲಿಗೆ ಒಡ್ಡಿದ್ದೀರಿ ಎಂಬುದರ ಮೇಲೆ ಫಸಲು. ನೆಲ ಎಷ್ಟಿದೆ ಎಂಬ ಪ್ರಶ್ನೆ ಅವರಿಗೆ ಎರಡನೆಯದು. ಐದು ಜನರ ಕುಟುಂಬ ನೆಮ್ಮದಿಯಿಂದ ಬಾಳಲು ಹತ್ತು ಗುಂಟೆ, ಅಂದರೆ ಕಾಲು ಎಕರೆ ಸಾಕೆಂದು ಅವರು ಸಾರಿದರು. ಪೇಟೆಯಲ್ಲಿದ್ದವರಿಗೆ ಮಾಳಿಗೆ ಸಾಕು ಎಂದರು. ಕಬ್ಬಿನ ರಸ ಹಿಂಡಿದ ಸಿಪ್ಪೆ, ಒಣ ಎಲೆ, ಅಡುಗೆಮನೆಯ ಕಸ. ಇವುಗಳನ್ನು ಕೊಳೆಸಿ, ಮೇಲೆ ಒಂದು ಹಿಡಿ ಮಣ್ಣು ಹಾಕಿ, ಚೀಲದಲ್ಲೂ ಬುಟ್ಟಿಯಲ್ಲೂ ಬೆಳೆಯಬಹುದೆಂದು ಕೊಲ್ಹಾಪುರದಲ್ಲಿ ಬೆಳೆದು ತೋರಿಸಿದರು. ಅದನ್ನು ನೋಡಿ ಮುಂಬೈಯಲ್ಲಿ ಡಾ. ಆರ್. ಟಿ. ದೋಶಿ ತಮ್ಮ ಮಾಳಿಗೆಯನ್ನು ತೋಟ ಮಾಡಿದರು. ಮುಂಬೈ ಬಂದರು ಮಂಡಳಿಯ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದ ಪ್ರೀತಿ ಪಾಟೀಲ್, ದಿನನಿತ್ಯ ರಾಶಿ ಬೀಳುತ್ತಿದ್ದ ತರಕಾರಿ ಸಿಪ್ಪೆಯಿಂದ ಅದೇ ಕಟ್ಟಡದ ಮೇಲೆ ಸುಮಾರು 3,000 ಚದರ ಅಡಿಯಲ್ಲಿ ಹಣ್ಣು-ಕಾಯಿ ಎಬ್ಬಿಸಿದರು.

ದಾಭೋಳಕರರ ಜೊತೆ ಕಲಿತ ದೀಪಕ ಸಚದೆ ಮಧ್ಯಪ್ರದೇಶದ ಬಜವಾಡಾದಲ್ಲಿ ಈ ವಿದ್ಯೆಯನ್ನು ಇನ್ನಷ್ಟು ಹದಗೊಳಿಸಿದರು. ಅವರ ‘ಅಮೃತ ಮಣ್ಣು’ ತಯಾರಿಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದಕ್ಕೆ ಬೇಕಾದ್ದೆಲ್ಲ ಕೊಲ್ಹಾಪುರ ಸೀಮೆಯ ಯಾವ ಹಳ್ಳಿಯಲ್ಲೂ ಸಿಗುತ್ತದೆ. ಒಂದು ಕಿಲೋ ಹಸಿ ಸಗಣಿ, ಒಂದು ಲೀಟರ್ ಗಂಜಲ, 50 ಗ್ರಾಂ ಕರಿಬೆಲ್ಲ, ಹತ್ತು ಲೀಟರ್ ನೀರು. ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುವುತ್ತ ಮೂರು ದಿನ ಇಟ್ಟು, ನಾಲ್ಕನೆಯ ದಿನ ಹತ್ತು ಪಾಲು ನೀರು ಸೇರಿಸಬೇಕು. ಒಣ ಎಲೆ, ರವದಿ, ಹುಲ್ಲು ಯಾವುದಾದರೂ ಸರಿ, ಚೂರು ಮಾಡಿ ಅದರಲ್ಲಿ ಒಂದು ದಿನ ನೆನೆಸಬೇಕು. ಆಮೇಲೆ ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಗುಡ್ಡೆ. ಒಂದು ಪದರು ಎಲೆ, ಮೇಲೆ ತೆಳ್ಳಗೆ ಮೇಲ್ಮಣ್ಣು, ಮತ್ತೆ ಎಲೆ. ವಾರಕ್ಕೊಮ್ಮೆ ಮಗುಚಿ ಸುಮಾರು ಒಂದು ತಿಂಗಳು ಕಳೆದರೆ ಗುಡ್ಡೆ ಬಿಸಿ ಇಳಿದು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆಗ ಅದರ ಮೇಲೆ ನಾನಾ ಬಗೆಯ ಬೀಜ ಚೆಲ್ಲಿ, 21, 42, 63ನೆಯ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಎಳೆಯದು, ಬಲಿತದ್ದು, ನಾರಾದದ್ದು ಮೂರನ್ನೂ ಗುಡ್ಡೆಗೇ ಉಣಿಸಬೇಕು. ಒಂದು ಗುಂಟೆಯೊಳಗೆ ಹಿಡಿಯುವ ವೃತ್ತದಲ್ಲಿ ವಾರದ ಏಳು ದಿನಕ್ಕೆ ಏಳು ಪಾತಿ ಮಾಡಿ, ದಿನಕ್ಕೊಂದು ಪಾತಿಯ ಪಲ್ಯ ಕೀಳುವ ಪದ್ಧತಿಯೂ ಈ ಬಳಗದ್ದೇ. ಮಹಾರಾಷ್ಟ್ರದಲ್ಲಿ ಮಹಿಳಾ ಸ್ವಸಹಾಯ ಸಂಘಗಳು ‘ಪರಸಬಾಗ’ ಹೆಸರಿನಲ್ಲಿ ಮಾಡುವ ಪೌಷ್ಟಿಕ ಕೈತೋಟಗಳಲ್ಲಿ ಅದರ ಅಚ್ಚು ಇವತ್ತಿಗೂ ಕಾಣುತ್ತದೆ.

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 1,089 ಚದರ ಅಡಿ. ಇಂಗ್ಲೆಂಡಿನ ಊರುಗಳಲ್ಲಿ ‘ಅಲಾಟ್‌ಮೆಂಟ್’ ಎಂಬ ಏರ್ಪಾಟಿದೆ. ಹೊಲ-ಹಿತ್ತಲು ಇಲ್ಲದ ಪೇಟೆಯ ಜನಕ್ಕೆ ಸ್ಥಳೀಯ ಆಡಳಿತವೇ ತರಕಾರಿ ಬೆಳೆದುಕೊಳ್ಳಲು ಅಲ್ಪ ಬಾಡಿಗೆಗೆ ತುಂಡು ನೆಲ ಕೊಡುತ್ತದೆ. 1908ರ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ರೂಢಿಯ ತುಂಡಿನ ಅಳತೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ಬರುವುದು ಕಡಿಮೆಯಾದಾಗ ಅಂಥ ತುಂಡುಗಳ ಸಂಖ್ಯೆ 14 ಲಕ್ಷದ ಹತ್ತಿರ ಏರಿ ದೇಶದ ಊಟದ ತಾಟನ್ನು ಹಿಡಿದು ನಿಲ್ಲಿಸಿತು. ಜರ್ಮನಿಯಲ್ಲಿ 1983ರ ಕಾನೂನು ಇಂಥ ಒಂದು ತೋಟ 400 ಚದರ ಮೀಟರಿಗಿಂತ ದೊಡ್ಡದಿರಬಾರದೆಂದು ಹೇಳುತ್ತದೆ. ಹತ್ತಿರ ಹತ್ತಿರ ನಾಲ್ಕು ಗುಂಟೆ. ಇಂಗ್ಲೆಂಡಿನ ಈ ತೋಟದವರೆಲ್ಲ ಬೇಸಿಗೆಯ ಕೊನೆಗೆ ಸೇರಿ ತಮ್ಮ ಪ್ರದರ್ಶನ ಮಾಡುತ್ತಾರೆ. ಬಸ್ ಚಾಲಕ, ಗಣಿ ಕಾರ್ಮಿಕ, ನಿವೃತ್ತ ಮೇಷ್ಟ್ರು ತಾವು ಬೆಳೆದ ಈರುಳ್ಳಿ, ಗಜ್ಜರಿ, ಬಟಾಣಿ ತಂದು ಮೇಜಿನ ಮೇಲೆ ಇಡುತ್ತಾರೆ. ಅಲ್ಲಿಯ ಪ್ರದರ್ಶನಕ್ಕೆ ನೆಲ ಮೊದಲು, ಮೇಜು ಆಮೇಲೆ.

ನಮ್ಮ ಪ್ರದರ್ಶನದಲ್ಲಿ ಮೇಜು ಇದೆ. ನೆಲ?

ಈ ಪ್ರಶ್ನೆ ಅತಿ ಚುರುಕಾಗಿ ತಾಗುವುದು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ. ಘೋರ್ಪಡೆ ಜಹಗೀರಿಯ ಈ ಊರಿಗೆ 1904ರಲ್ಲಿ ವಿಠ್ಠಲರಾವ್ ದಾತಾರ ಮೊದಲ ವಿದ್ಯುತ್ ಮಗ್ಗ ತಂದರು. ಅಲ್ಲಿಂದಾಚೆ ಊರು ಮಗ್ಗದ ಸದ್ದಿಗೇ ಬೆಳೆಯಿತು. ರಬಕವಿ-ಬನಹಟ್ಟಿ, ಜಮಖಂಡಿ, ಅಥಣಿ ಕಡೆಯಿಂದ ಬಂದ ನೇಕಾರ ಕುಟುಂಬಗಳು ಓಣಿ ಓಣಿಯಲ್ಲಿವೆ. ಮನೆಯೊಳಗೆ ಕನ್ನಡ, ಮಗ್ಗದ ಮುಂದೆ ಮರಾಠಿ, ಮಾಲು ಕೊಳ್ಳಲು ಬಂದವರೊಡನೆ ಹಿಂದಿ. ಹನ್ನೆರಡು ತಾಸಿನ ಪಾಳಿ ಮುಗಿಸಿ ಬರುವ ಮನೆ ಎಂದರೆ ಬಾಡಿಗೆಯ ಎರಡು ಕೋಣೆ. ಆದರೂ ಗಿಡವಿಲ್ಲದ ಬಾಗಿಲು ಕಡಿಮೆ. ಎಣ್ಣೆಯ ಡಬ್ಬಿಯಲ್ಲಿ ತುಳಸಿ, ಒಡೆದ ಬಕೆಟ್ಟಿನಲ್ಲಿ ಕರಿಬೇವು, ಕಿಟಕಿಯ ಸರಳಿಗೆ ಹಬ್ಬಿಸಿದ ಬಸಳೆ. ಮಗ್ಗದ ಶೆಡ್ಡಿನ ಪಕ್ಕದ ಮನೆಗಳಲ್ಲಿ ತುಳಸಿಯ ಎಲೆಯ ಮೇಲೆ ಹತ್ತಿಯ ನುಣ್ಣನೆ ಎಳೆ ಕುಳಿತಿರುತ್ತದೆ. ಬೆಳಗ್ಗೆ ನೀರು ಹಾಕುವಾಗ ಹೆಂಗಸರು ಒದ್ದೆ ಕೈಯಿಂದ ಅದನ್ನು ಒಂದೊಂದೇ ಎಲೆಯಿಂದ ಒರೆಸಿ ತೆಗೆಯುವುದನ್ನು ನಾನು ನಿಂತು ನೋಡಿದ್ದೇನೆ. ಗಿಡದ ಮೇಲೆ ಇಷ್ಟು ಜೀವ ಇಟ್ಟವರ ಹತ್ತಿರ ಒಂದು ಚದರ ಗಜ ನೆಲವಿಲ್ಲ.

ನೀರಿನ ಕಷ್ಟ ಬೇರೆ. ಪಕ್ಕದಲ್ಲೇ ಪಂಚಗಂಗೆ ಹರಿದರೂ ಮೇಲಿನ ಊರುಗಳ ಹೊಲಸು, ಕಾರ್ಖಾನೆಗಳ ನೀರು ಸೇರಿ ಅದು ಕುಡಿಯಲು ಬಾರದ ಸ್ಥಿತಿಗೆ ಬಂದು, ಊರು ಮಜರೇವಾಡಿಯಿಂದ ಕೃಷ್ಣೆಯ ನೀರು ತರಬೇಕಾಯಿತು. ನಳದಲ್ಲಿ ನೀರು ದಿನಾಲೂ ಬರುವ ಊರಲ್ಲ ಇದು. ಹೀಗಾಗಿ ಇಲ್ಲಿಯ ಕೈತೋಟದ ಮಾತು ಬಂದರೆ ಮೊದಲು ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಮಳೆಯ ನೀರು ಇವುಗಳ ಲೆಕ್ಕ ಹಾಕಬೇಕು. ಇನ್ನೊಂದು ಎಚ್ಚರದ ಮಾತೂ ಇದೆ. ಬಣ್ಣದ, ರಾಸಾಯನಿಕದ ಖಾಲಿ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆಂದು ಅದರಲ್ಲಿ ಪಲ್ಯ ಬೆಳೆಯಬಾರದು. ಹೂವಾದರೂ ಬೇಡ. ಹಳೆಯ ಗೋಣಿಚೀಲ, ಬಿದಿರ ಬುಟ್ಟಿ ಸಾಕು, ದಾಭೋಳಕರರೂ ಅದನ್ನೇ ಬಳಸಿದ್ದು.

ಗಡಹಿಂಗ್ಲಜದಲ್ಲಿ ಚಿತ್ರವೇ ಬೇರೆ. ಅಂಬೋಲಿಯಲ್ಲಿ ಹುಟ್ಟಿ ಆಜರಾ ದಾಟಿ ಬರುವ ಹಿರಣ್ಯಕೇಶಿ ಊರಿನ ಮಗ್ಗುಲಲ್ಲಿ ಹರಿದು ಸಂಕೇಶ್ವರದತ್ತ ಹೋಗಿ ಮುಂದೆ ಘಟಪ್ರಭೆಗೆ ಸೇರುತ್ತದೆ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ, ಬೀಜಕ್ಕೂ ಗೊತ್ತಿಲ್ಲ. ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಮಾರಾಟಕ್ಕೆ ರಾಶಿ ಬೀಳುವ ದೊಡ್ಡ ಪೇಟೆಗಳಲ್ಲಿ ಗಡಹಿಂಗ್ಲಜವೂ ಒಂದು. ಉದ್ದ, ತೆಳ್ಳಗೆ, ಸುಕ್ಕಾದ ಜವಾರಿ ಕಾಯಿ. ಖಾರವೂ ಇದೆ, ಬಣ್ಣವೂ ಇದೆ. ಕೊಲ್ಹಾಪುರದ ಕಾಂದಾ-ಲಸೂಣ ಚಟ್ನಿಗೆ ಬೇರೆ ಮೆಣಸಿನಕಾಯಿ ಹಾಕಿದರೆ ರುಚಿ ಒಪ್ಪದ ಮನೆಗಳಿವೆ. ಹೈಬ್ರಿಡ್ ಬಂದು ಜವಾರಿಯನ್ನು ಹೊಲದಿಂದ ಸರಿಸಿತು. ಉಳಿದದ್ದು ಹಿತ್ತಲಲ್ಲಿ, ಹೆಣ್ಣುಮಕ್ಕಳ ಕೈಯಲ್ಲಿ.

ಹಲಕರ್ಣಿ, ನೂಲ, ಬಸರಗಿ ಸುತ್ತಿನ ಕನ್ನಡ ಮನೆಗಳ ಹಿತ್ತಲು ನೋಡಬೇಕು. ಯಾವ ಪ್ರದರ್ಶನದ ಆಯಕಟ್ಟೂ ಅಲ್ಲಿಲ್ಲ, ಆದರೆ ಯಾವುದೂ ಸುಮ್ಮನೆ ನಿಂತಿಲ್ಲ. ಬಚ್ಚಲ ನೀರು ಹರಿವಲ್ಲಿ ಬಾಳೆ, ಕೆಸವು. ಬಿಸಿಲು ಬೀಳುವಲ್ಲಿ ಬದನೆ, ಮೆಣಸಿನ ಮಡಿ. ಬೇಲಿಗೆ ಅವರೆ, ಹೀರೆ, ತುಪ್ಪರಿ. ದನದ ಕೊಟ್ಟಿಗೆಯ ತಗಡಿನ ಮೇಲೆ ಕುಂಬಳ. ಬದುವಿಗೆ ಪುಂಡಿ, ಒಂದು ಮೂಲೆಗೆ ಜೋತಿಬಾನ ಚೈತ್ರ ಜಾತ್ರೆಗೆಂದು ದವನ. ಮೆಣಸಿನ ಬೀಜಕ್ಕೆ ಮೊದಲ ಕಾಯಿ ಬಿಡಿಸುವುದಿಲ್ಲ. ನಡುವಣ ಕೊಯ್ಲಿನಲ್ಲಿ, ರೋಗವಿಲ್ಲದ ಗಿಡದಲ್ಲಿ, ಪೂರ್ತಿ ಕೆಂಪಾದ ಕಾಯನ್ನು ಗಿಡದಲ್ಲೇ ಗುರುತು ಕಟ್ಟಿ ಬಿಡುತ್ತಾರೆ. ಒಣಗಿಸಿದ ಮೇಲೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಾರೆ. ಸೌತೆ, ಹೀರೆ, ಕುಂಬಳದ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದರೆ ಮುಂದಿನ ಮಿರಗದ ಮಳೆಯವರೆಗೆ ಹುಳ ಮುಟ್ಟುವುದಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈನ ಮಹಾಪೂರದಲ್ಲಿ ಪಂಚಗಂಗೆ, ಕೃಷ್ಣೆಯ ದಂಡೆಯ ಶಿರೋಳ ತಾಲೂಕಿನಲ್ಲಿ ನೀರು ಮನೆಯೊಳಗೆ ನಿಂತಾಗ ಇಂಥ ಗೋಡೆಗಳೇ ಕರಗಿದವು. ಪರಿಹಾರದ ಪಟ್ಟಿಯಲ್ಲಿ ದನ, ಮನೆ, ಕಬ್ಬು ಇರುತ್ತದೆ. ಗೋಡೆಯಲ್ಲಿದ್ದ ಬೀಜಕ್ಕೆ ಕಾಲಂ ಇರುವುದಿಲ್ಲ. ಅಂಥ ಮನೆಯವರು ನೆಂಟರ ಊರಿಂದ ಬೀಜ ಬೇಡಿ ತರಬೇಕು, ಎಲ್ಲವೂ ಮರಳಿ ಸಿಗುವುದಿಲ್ಲ.

ಬೀಜವನ್ನೇ ನಡುಮೇಜಿಗೆ ತಂದ ಪ್ರದರ್ಶನಗಳು ನಮ್ಮಲ್ಲಿ ಇಲ್ಲವೆಂದಲ್ಲ. ಶಿರಸಿಯ ವನಸ್ತ್ರೀ ಬಳಗದ ಮಲೆನಾಡು ಮೇಳಕ್ಕೆ ಹೆಣ್ಣುಮಕ್ಕಳು ಮಳೆಗಾಲದ ಹೊಸ್ತಿಲಲ್ಲಿ ತಮ್ಮ ಹಿತ್ತಲ ಬೀಜ, ಗೆಡ್ಡೆ, ಹೂವಿನ ಟೊಂಗೆ ಕಟ್ಟಿಕೊಂಡು ಬರುತ್ತಾರೆ. ಅಲ್ಲಿ ನೋಡಲು ಬಂದವರು ಬರಿಗೈಲಿ ಹೋಗುವುದಿಲ್ಲ. ಧಾರವಾಡದ ಕೃಷಿ ಮೇಳಕ್ಕೆ ಗಡಿಯಾಚೆಯ ನಮ್ಮ ರೈತರೂ ಹೋಗುತ್ತಾರೆ. ಫಲಪುಷ್ಪ ಪ್ರದರ್ಶನ, ಕೀಟ ಪ್ರಪಂಚ ನೋಡಿ, ಹಿಂಗಾರಿನ ಬೀಜದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಾರೆ. ಮಹಾರಾಷ್ಟ್ರದ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಅವರಿಗೆ ಜವಾರಿ ಬೀಜ ಕೂಡಿಟ್ಟದ್ದಕ್ಕೆ ಪದ್ಮಶ್ರೀ ಬಂದಿತು. ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ಮತ್ತು ಗೆಳೆಯರು 2011ರಿಂದ ಮಾಳಿಗೆ ತೋಟದವರ ಸಂತೆ ನಡೆಸಿದರು. ಲಾಲ್‌ಬಾಗಿನ ಹಿರಿಮೆ ಎಲ್ಲರಿಗೂ ಗೊತ್ತು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿ, ಕ್ರುಂಬಿಗಲ್ ಅವರ ಕಣ್ಣಳತೆಯಲ್ಲಿ ಬೆಳೆದ ಆ ಪ್ರದರ್ಶನ ಇಂದು ಲಕ್ಷಾಂತರ ಜನರನ್ನು ಗಾಜಿನ ಮನೆಗೆ ಸೆಳೆಯುತ್ತದೆ. ಆದರೆ ಹೂವಿನ ಗೋಪುರದ ಮುಂದೆ ಜನದಟ್ಟಣೆಯಲ್ಲಿ ನೂಕಿಸಿಕೊಂಡು ಹೊರಬಂದವನಿಗೆ ತನ್ನ ಮನೆಯ ಗುಲಾಬಿಗೆ ಯಾವಾಗ ಕತ್ತರಿ ಹಾಕಬೇಕೆಂದು ಕೇಳುವ ಪುರುಸೊತ್ತು ಸಿಗುವುದಿಲ್ಲ. ಕೊಲ್ಹಾಪುರದ ಪ್ರದರ್ಶನ ಸಣ್ಣದು. ಅದೇ ಅದರ ಭಾಗ್ಯ. ಇಲ್ಲಿ ಬೆಳೆದವನು ಕುಂಡದ ಪಕ್ಕದಲ್ಲೇ ನಿಂತಿರುತ್ತಾನೆ, ಕೇಳಿದರೆ ಹೇಳುತ್ತಾನೆ.

ಈ ಸಣ್ಣತನವನ್ನು ಉಳಿಸಿಕೊಂಡೇ ಇನ್ನೊಂದು ಹೆಜ್ಜೆ ಇಡಬಹುದೆಂದು ನನ್ನ ಬಲವಾದ ನಂಬಿಕೆ. ತರಕಾರಿ ಸಾಲನ್ನು ಕೊನೆಯಿಂದ ಮುಂದಕ್ಕೆ ತರಲಿ. ಗಡಹಿಂಗ್ಲಜದ, ಆಜರಾದ, ಶಿರೋಳದ ಹಿತ್ತಲ ಹೆಣ್ಣುಮಕ್ಕಳಿಗೆ ಬೀಜದ ಮೇಜೊಂದು ಇರಲಿ. ಅಲ್ಲಿ ಮಾರಾಟ ಬೇಡ, ಒಂದು ಹಿಡಿ ತಂದವರು ಇನ್ನೊಂದು ಹಿಡಿ ಒಯ್ಯಲಿ. ಕುಂಡದ ಚೀಟಿಯಲ್ಲಿ ಇಂಗ್ಲಿಷು, ಮರಾಠಿಯ ಜೊತೆ ಒಂದು ಸಾಲು ಕನ್ನಡವೂ ಇರಲಿ, ಗಡಿ ಸೀಮೆಯ ನೋಡುಗರಿಗೆ ಅಷ್ಟು ಸಾಕು. ಎಲೆಯ ಬೆನ್ನು ಮಗುಚಿ ನೋಡಬಲ್ಲವರನ್ನು ತೀರ್ಪಿಗೆ ಕೂರಿಸಲಿ.

ನೆಲದ ಮಾತಿಗೆ ಇಚಲಕರಂಜಿಯಿಂದ ಶುರುಮಾಡಬಹುದು. 2022ರಲ್ಲಿ ಅದು ಮಹಾನಗರ ಪಾಲಿಕೆಯಾಯಿತು. ಯಾವ ಪಾಲಿಕೆಗೂ ಬಡಾವಣೆಗಳಲ್ಲಿ ಬಯಲು ಬಿಟ್ಟ ಜಾಗ ಇರುತ್ತದೆ. ಬೇಲಿ ಹಾಕಿ ಬಿಟ್ಟರೆ ಕಾಂಗ್ರೆಸ್ ಕಸ ಬೆಳೆಯುತ್ತದೆ, ಪ್ಲಾಸ್ಟಿಕ್ ಸೇರುತ್ತದೆ. ಒಂದೇ ಒಂದು ಎಕರೆ ತೆಗೆದುಕೊಂಡು ಕಾಲು ಕಾಲು ಗುಂಟೆಯಾಗಿ ಹಂಚಿದರೂ 160 ಕುಟುಂಬಗಳಿಗೆ 270 ಚದರ ಅಡಿ ಚಿಲ್ಲರೆ ನೆಲ ಬರುತ್ತದೆ. ನಡೆಯುವ ದಾರಿ, ನೀರಿನ ತೊಟ್ಟಿಗೆ ಬಿಟ್ಟು ಕಳೆದರೂ ನೂರಿಪ್ಪತ್ತು ಕುಟುಂಬಗಳಿಗಾದರೂ ಆಗುತ್ತದೆ. ಒಡೆತನ ಕೊಡಬೇಕಿಲ್ಲ, ಹನ್ನೊಂದು ತಿಂಗಳ ಕರಾರು ಸಾಕು. ತರಕಾರಿ ಪೇಟೆಯ ಕಸ ಅಲ್ಲಿಗೇ ಬರಲಿ. ಗಾಣಗಳಿಂದ ಕಬ್ಬಿನ ಸಿಪ್ಪೆ ಬರಲಿ. ಅಮೃತ ಮಣ್ಣಿನ ಗುಡ್ಡೆ ಹಾಕುವುದನ್ನು ದಾಭೋಳಕರರ ದಾರಿಯಲ್ಲಿ ನಡೆದವರು ಬಂದು ಕಲಿಸಲಿ, ಅಂಥವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ರಾತ್ರಿ ಪಾಳಿಯವರಿಗೆ ಬೆಳಗಿನ ನೀರಿನ ಸರದಿ, ಹಗಲು ಪಾಳಿಯವರಿಗೆ ಸಂಜೆಯದು. ಅರ್ಜಿ ಮರಾಠಿಯಲ್ಲಿ ಬರಲಿ, ಕನ್ನಡದಲ್ಲಿ ಬರಲಿ, ಹಿಂದಿಯಲ್ಲಿ ಬರಲಿ, ತೆಗೆದುಕೊಳ್ಳಬೇಕು. ಮಾರ್ಚಿನಲ್ಲಿ ಗುಡ್ಡೆ ಹಾಕಿ ಮಿರಗದ ಮಳೆಗೆ ಸಸಿ ಹಚ್ಚಿದರೆ, ಚಳಿಗಾಲದ ಪ್ರದರ್ಶನಕ್ಕೆ ಇಚಲಕರಂಜಿಯ ಮಗ್ಗದವರ ಬದನೆ, ಮೆಣಸಿನಕಾಯಿ, ಅವರೆ ಕೊಲ್ಹಾಪುರದ ಬಸ್ಸು ಹತ್ತುತ್ತವೆ.